ಕಲ್ಲಾದ ತಂಗಿ ಮತ್ತು ತಾತನ ಮಂಡಿ

ಮಂಡಿಯ ಆಪರೇಷನ್ ಆಗಿ ನಾಲ್ಕು ದಿನವಾದರೂ ತಾತ ಆಸ್ಪತ್ರೆಯ ಮಂಚ ಬಿಟ್ಟು ಇಳಿದಿರಲಿಲ್ಲ. ವ್ಯಾಯಾಮ ಮಾಡಿಸುವ ಮೇಡಂ ಬೆಳಿಗ್ಗೆಯೇ ಎಚ್ಚರಿಸಿದ್ದರು: "ಇವತ್ತು ಬಾಗಿಲ ತನಕ ಆದ್ರೂ ನಡೀದಿದ್ರೆ ಮಂಡಿ ಹಂಗೇ ಬಿಗ್ದು ಹೋಗುತ್ತೆ ತಾತ. ಆಮೇಲೆ ನನ್ನ ಬೈಬೇಡಿ."

"ನೋವು ನಿಂಗಾ ನಂಗಾ?" ಎಂದು ತಾತ ಗೋಡೆಯ ಕಡೆ ಮುಖ ತಿರುಗಿಸಿದ್ದರು.

ತಾತ ಐವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವರು. ನನಗೆ ಗೊತ್ತಿರುವ ಮಾಯಾಕತೆಗಳೆಲ್ಲ ಅವರ ಬಾಯಿಂದಲೇ ಬಂದವು. ನೋವು ಮರೆಯಲಿ ಎಂದು ಈ ಸಲ ನಾನೇ ಶುರುಮಾಡಿದೆ.

"ಒಂದು ಸರೋವರ. ತಳದಲ್ಲಿ ಒಬ್ಬ ರಾಕ್ಷಸ. ಅವನಿಗೆ ಹಾರ್ಮೋನ್ ತೊಂದ್ರೆ, ಅದಕ್ಕೇ ಅಷ್ಟು ಎತ್ತರ."

ತಾತನ ಕತ್ತು ಈ ಕಡೆ ತಿರುಗಿತು. "ಏನ್ ತೊಂದ್ರೆ? ರಾಕ್ಷಸ ಅಂದ್ಮೇಲೆ ರಾಕ್ಷಸ. ಅವನ ರಿಪೋರ್ಟ್ ಯಾರು ಕೇಳಿದ್ರು?"

"ಸರಿ ಬಿಡು ತಾತ. ಅವನು ತಂಗೀನ ಕಲ್ಲು ಮಾಡಿ ಇಟ್ಕೊಂಡಿರ್ತಾನೆ. ಬಿಡಿಸೋಕೆ ಅಕ್ಕ ನೀರಿಗೆ ಇಳೀತಾಳೆ. ದಾರೀಲಿ ಮೀನೊಂದು ಮಂತ್ರದ ಬೀಗದಕೈ ಕೊಡುತ್ತೆ."

"ಸುಮ್ನೆ?"

"ಹ್ಞೂಂ, ಸುಮ್ನೆ."

"ಸುಮ್ನೆ ಯಾವ ಮೀನೂ ಏನೂ ಕೊಡಲ್ಲ ಕಣೇ! ವಾಪಸ್ ಬರೋವರ್ಗೂ ಮಾತಾಡ್ಬಾರ್ದು ಅಂತಲೋ ಏನೋ, ಒಂದು ಷರತ್ತು ಬೇಕು. ಗಡಿಯಾರದ ಚಕ್ರ ಇದ್ದಂಗೆ, ಒಂದರ ಹಲ್ಲು ಇನ್ನೊಂದಕ್ಕೆ ಕೂರ್ಬೇಕು. ಸುಳ್ಳಾದ್ರೂ ಒಂದು ಲೆಕ್ಕ ಇರ್ಬೇಕು."

ಕಲ್ಲಾದ ತಂಗಿಯನ್ನು ಆ ಬೀಗದಕೈಯಿಂದ ಬಿಡಿಸುವುದು ಹೇಗೆಂದು ನನಗೆ ಹೊಳೆಯಲೇ ಇಲ್ಲ. ಬಾಯಿಗೆ ಬಂದ ಕೊನೆಯನ್ನು ಅಂಟಿಸಿಬಿಟ್ಟೆ: "ಅಷ್ಟರಲ್ಲಿ ಅಕ್ಕನಿಗೆ ಎಚ್ಚರ ಆಯ್ತು. ನೋಡಿದ್ರೆ ಅದೆಲ್ಲ ಕನಸು!"

"ಕನಸಾ?" ತಾತನ ಮುಖ ಕೆಂಪಾಯಿತು. "ಅಷ್ಟು ಆಳಕ್ಕೆ ಕರ್ಕೊಂಡು ಹೋಗಿ ಕನಸು ಅಂತೀಯಾ? ಆ ಮಗು ಗತಿ ಏನೇ? ಬಾ ಇಲ್ಲಿ, ಕಿವಿ ಹಿಂಡ್ತೀನಿ!"

ನಾನು ಬಾಗಿಲಿಗೆ ಓಡಿದೆ. ತಾತ ವಾಕರ್ ಹಿಡಿದು ಎದ್ದೇಬಿಟ್ಟರು. ಹೆಜ್ಜೆಗೊಂದು ಬೈಗುಳ. "ನಮ್ಮಜ್ಜಿ ಪಾತ್ರೆ ಉಜ್ಜುತ್ತಾ ಕತೆ ಹೇಳೋರು. ಆ ಕತೆಗೆ ರಾಕ್ಷಸನ್ನ ಅವರಮ್ಮ ಕೊಟ್ಟಿದ್ದು, ಸರೋವರಾನ ಪಕ್ಕದ್ಮನೆಯವಳು ಸೇರ್ಸಿದ್ದು. ಅವರ್ಯಾರೂ ಕನಸು ಅನ್ಲಿಲ್ಲ!"

ಬಾಗಿಲ ಚೌಕಟ್ಟಿಗೆ ಕೈ ತಾಗಿದಾಗಲೇ ಅವರಿಗೆ ತಾವೆಲ್ಲಿದ್ದೇವೆಂದು ಗೊತ್ತಾದದ್ದು. ಸದ್ದು ಕೇಳಿ ಓಡಿಬಂದ ಮೇಡಂ ತಾತನ ಸೊಂಟ ಹಿಡಿದುಕೊಂಡು, "ಭೇಷ್ ತಾತ! ಸಾಕು, ಬನ್ನಿ ಮಲಗಿ" ಎಂದರು.

"ತಡಿಯಮ್ಮ, ಆ ಹುಡುಗಿ ಇನ್ನೂ ನೀರಲ್ಲೇ ಇದ್ದಾಳೆ" ಎಂದ ತಾತ, ಮಂಚದ ಕಡೆ ಒಂದೊಂದೇ ಹೆಜ್ಜೆ ಇಡುತ್ತಾ ಕತೆಯನ್ನು ತಾವೇ ಎತ್ತಿಕೊಂಡರು. ರಾಕ್ಷಸ ಎಷ್ಟು ಕೆಣಕಿದರೂ ಅಕ್ಕ ಮಾತಾಡಲಿಲ್ಲ. ಬೀಗದಕೈ ತಾಗಿ ತಂಗಿಯ ಕಲ್ಲಿನ ಕೆನ್ನೆ ಬೆಚ್ಚಗಾಗುವ ಹೊತ್ತಿಗೆ ಮಂಚ ಬಂದುಬಿಟ್ಟಿತು.

"ಆಮೇಲೆ?" ಕೇಳಿದ್ದು ನಾನಲ್ಲ, ಮೇಡಂ.

"ಆಮೇಲೆ ಇಬ್ಬರೂ ಮೇಲಕ್ಕೆ ಬರ್ಬೇಕಲ್ಲ, ತುಂಬಾ ದೂರ ಇದೆ." ತಾತ ವಾಕರ್ ತಿರುಗಿಸಿದರು. "ನಡೀರಿ, ಇನ್ನೊಂದು ಸುತ್ತು."