ಸೂರ್ಯನ ಕುದುರೆಗೆ ಬಡಿಸಿದ್ದು

ಸಸಿ ಬೆಳೆಸಿ ಮಾರುವ ನಮ್ಮ ಅಂಗಳದ ಹಿಂದಿನ ಕೋಣೆಯಲ್ಲಿ ಸೊಸೆ ಸೂರ್ಯನ ಕುದುರೆ ಸಾಕುತ್ತಾಳೆ. ಮುಂಗಾಲು ಮಡಚಿ ಕೈಮುಗಿದಂತೆ ಕೂರುವ ಹಸಿರು ಹುಳು ಅದು. ಕೈಮುಗಿದವರೆಲ್ಲ ಸಾಧುಗಳಲ್ಲ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಎದುರಿಗೆ ಬಂದ ನೊಣ, ಮಿಡತೆ, ಕಡೆಗೆ ಕಟ್ಟಿಕೊಂಡ ಗಂಡನನ್ನೂ ಅದು ಬಿಡುವುದಿಲ್ಲ. ಆ ವರ್ಷ ಗೂಡುಗಳಿಗೆ ಇರುವೆ ನುಗ್ಗಿ, ಉಳಿದದ್ದು ಒಂದು ಹೆಣ್ಣು, ಒಂದು ಗಂಡು. ಎರಡೂ ಕೂಡಿದರೆ ಮೊಟ್ಟೆ. ಕೂಡುವ ಮೊದಲೇ ಅವಳು ಅವನನ್ನು ಹಿಡಿದುಬಿಟ್ಟರೆ, ಸೊಸೆ ಈ ಮನೆಗೆ ಕಾಲಿಟ್ಟಂದಿನಿಂದ ಉಳಿಸಿಕೊಂಡು ಬಂದ ತಳಿ ಅಲ್ಲಿಗೇ ನಿರ್ನಾಮ.

ಹಾಗಾಗಿ ಹೆಣ್ಣಿಗೆ ಹೊಟ್ಟೆ ಬಿರಿಯುವಷ್ಟು ಉಣ್ಣಿಸಿದ ಮೇಲೆಯೇ ಗಂಡನ್ನು ಬಿಡಬೇಕು. ಬಿಡಬೇಕೆಂದಿದ್ದ ದಿನವೇ ಸೊಸೆಗೆ ಲಾರಿಗೆ ಸಸಿ ತುಂಬಿಸುವ ಕೆಲಸವಿತ್ತು. ಉಣ್ಣಿಸುವುದನ್ನು ನನ್ನ ಕಿರಿಮಗನಿಗೆ ವಹಿಸಿದ್ದಳು. ಅವನನ್ನು ನಾವು ಕರೆಯುವುದೇ ಮಾತಿನಮಲ್ಲ ಎಂದು. ಲಾರಿ ಕಳಿಸಿ ಬಂದವಳೇ, ಊಟ ಹಾಕಿದೆಯಾ ಎಂದು ಕೇಳಿದಳು. ಗೂಡು ತುಂಬ ಬಡಿಸಿದ್ದೇನೆ ಎಂದ. ಎಲ್ಲ ಮನೆಯಲ್ಲೂ ಹೆಂಡತಿ ಗಂಡನ ತಲೆ ತಿನ್ನುತ್ತಾಳೆ, ಇವಳೊಬ್ಬಳಿಗೆ ಯಾಕೆ ಕೆಟ್ಟ ಹೆಸರು ಎಂದೂ ಸೇರಿಸಿದ. ನಿನ್ನ ತಲೆಯಾಗಿದ್ದರೆ ಪಾಪ ಉಪವಾಸ ಬೀಳುತ್ತಿದ್ದಳು ಎಂದು ಸೊಸೆ ನಗುತ್ತಲೇ ಗಂಡನ್ನು ಗೂಡಿನೊಳಗೆ ಬಿಟ್ಟಳು.

ಗಂಡು ಹಿಂದಿನಿಂದ ಬಂತು. ಒಂದು ಹೆಜ್ಜೆ ಇಟ್ಟು ನಿಲ್ಲುವುದು. ಕಿಟಕಿಯ ಗಾಳಿಗೆ ಕಡ್ಡಿ ಅಲುಗಿದಾಗ ಇನ್ನೊಂದು ಹೆಜ್ಜೆ. ಆಮೇಲೆ ಚಂಗನೆ ಹಾರಿ ಅವಳ ಬೆನ್ನೇರಿತು. ಅಷ್ಟರಲ್ಲಿ ಸೊಸೆಯ ನಗು ಇಂಗಿಹೋಗಿತ್ತು. ಅವಳು ನೋಡುತ್ತಿದ್ದುದು ಗೂಡಿನ ತಳವನ್ನು. ನೊಣಗಳೆಲ್ಲ ಅಲ್ಲಿ ಅಂಗಾತ ಬಿದ್ದಿದ್ದವು. ಹೆಣ್ಣಿನ ಹೊಟ್ಟೆ ಎಲೆಯಂತೆ ಚಪ್ಪಟೆಯಾಗಿತ್ತು.

"ನೊಣಗಳನ್ನ ಹೊಡೆದು ಹಾಕಿದ್ಯಾ?"

"ಮತ್ತೆ? ಜೀವಂತ ಹಾಕೋಕೆ ಹೋದ್ರೆ ಹಾರಿ ಹೋಗಲ್ವಾ ಅತ್ತಿಗೆ?"

"ಅಲ್ಲಾಡದೇ ಇರೋದು ಇವಳ ಕಣ್ಣಿಗೆ ಊಟವೇ ಅಲ್ಲ ಕಣೋ."

ಹೆಣ್ಣು ಕತ್ತು ಹೊರಳಿಸಿ ಹೆಗಲ ಮೇಲಿಂದ ಹಿಂದಕ್ಕೆ ನೋಡಿತು. ಗಂಡು ಕಲ್ಲಾಯಿತು. ಬಿಡಿಸಲು ಹೋದರೆ ಅವನು ಅಲುಗುತ್ತಾನೆ, ಅಲುಗಿದರೆ ಅವಳ ಕೈಗೆ ಸಿಗುತ್ತಾನೆ. ಸೊಸೆ ಚಿಮಟದ ತುದಿಯಲ್ಲಿ ಒಂದು ಸತ್ತ ನೊಣ ಹಿಡಿದು ಅವಳ ಮುಖದೆದುರು ನಡುಗಿಸಿದಳು, ಜೀವ ಇರುವ ಹಾಗೆ. ಕತ್ತು ಮುಂದಕ್ಕೆ ತಿರುಗಿತು. ಮುಂಗಾಲು ಚಾಚಿದ್ದು ಕಾಣಲೇ ಇಲ್ಲ. ನೊಣ ಅವಳ ಬಾಯಲ್ಲಿತ್ತು. ಮತ್ತೊಂದು. ಅದು ಮುಗಿದೊಡನೆ ಮತ್ತೊಂದು. ಮಗ ಏನೋ ಹೇಳಲು ಬಾಯಿ ತೆರೆದ. ನಾನು ಅವನ ಮಣಿಕಟ್ಟು ಗಟ್ಟಿಯಾಗಿ ಹಿಡಿದೆ.

ನೊಣ ಮುಗಿದವು. ಗಂಡು ಬೆನ್ನ ಮೇಲಿತ್ತೇ ಹೊರತು ಇನ್ನೂ ಕೂಡಿರಲಿಲ್ಲ. ಹೆಣ್ಣಿನ ಕತ್ತು ಮತ್ತೆ ಹಿಂದಕ್ಕೆ ಹೊರಳತೊಡಗಿತು. ಸೊಸೆ ಚಿಮಟ ಕೆಳಗಿಟ್ಟು, ಕಿರುಬೆರಳನ್ನು ಒಳಗೆ ಚಾಚಿ ಕುಣಿಸಿದಳು. ಗರಗಸದಂತಹ ಎರಡು ಕಾಲುಗಳು ಬೆರಳನ್ನು ಕಚ್ಚಿ ಹಿಡಿದವು. ಉಗುರಿನ ಪಕ್ಕದ ಚರ್ಮವನ್ನು ಹುಳು ಜಗಿಯತೊಡಗಿತು. ಸಾಸಿವೆಕಾಳಿನಷ್ಟು ರಕ್ತ ಮೂಡಿತು. ಸೊಸೆಯ ತುಟಿ ಬಿಳುಚಿತು, ಕೈ ಅಲುಗಲಿಲ್ಲ.

ಕಡೆಗೂ ಗಂಡು ಮೈಯ ಹಿಂತುದಿಯನ್ನು ಬಳುಕಿಸಿ ಕೂಡಿತು.

"ಆಯ್ತು," ಎಂದಳು ಸೊಸೆ, ಉಸಿರಿನಲ್ಲೇ. "ಇನ್ನು ಇವನ ತಲೆ ಹೋದ್ರೂ ಮೈ ಕೆಲಸ ಮುಗಿಸುತ್ತೆ."

"ಹಾಗಾದ್ರೆ ಬೆರಳು ತೆಗೀರಿ ಅತ್ತಿಗೆ."

"ನಮ್ಮ ಕೆಲಸ ಆಯ್ತು ಅಂತ, ಅವನ ತಲೆ ಅವನಿಗೆ ಬೇಡ್ವಾ?"

ಮಗ ನನ್ನ ಹಿಡಿತ ಬಿಡಿಸಿಕೊಂಡು ಹೊರಗೆ ಓಡಿದ. ಸಸಿಗಳ ಸಾಲಿನಲ್ಲಿ ಮಂಡಿಯೂರಿ ತಡಕಾಡುವುದು ಕಿಟಕಿಯಿಂದ ಕಾಣುತ್ತಿತ್ತು. ಒಮ್ಮೆ ಬರಿಗೈ. ಮತ್ತೊಮ್ಮೆಯೂ ಬರಿಗೈ. ವಾಪಸು ಬಂದಾಗ ಅವನ ಮುಷ್ಟಿಯೊಳಗೆ ಮಿಡತೆಯೊಂದು ಒದೆಯುತ್ತಿತ್ತು. ತುಟಿ ಪಿಟಕ್ಕೆನ್ನದೆ, ಸೊಸೆಯ ಕೈ ಪಕ್ಕಕ್ಕೆ ತನ್ನ ಕೈಯನ್ನೂ ಗೂಡಿನೊಳಗೆ ಮೆಲ್ಲಗೆ ಚಾಚಿದ.