ತಕ್ಕಡಿಯಣ್ಣ ಮನೆಯಲ್ಲೇ ಮಾಡಿದ ಬ್ರೇಕು

ಕಾರಿನಿಂದ ಸುಟ್ಟ ವಾಸನೆ ಬರುತ್ತಿದೆ ಎಂದು ಮೊದಲು ಹೇಳಿದವಳು ಹೆಂಡತಿ. ತಕ್ಕಡಿಯಣ್ಣ ನಂಬಲಿಲ್ಲ.

"ಯಾರೋ ಕಸ ಸುಡ್ತಿದಾರೆ ಕಣೇ," ಎಂದ.

"ಕಸ ನಮ್ಮ ಹಿಂದೇನೇ ಓಡಿ ಬರುತ್ತಾ? ಮಾರ್ಕೆಟ್ಟಿಂದ ಮನೇತನಕ ಅದೇ ವಾಸನೆ."

ಇಳಿದು ನೋಡಿದರೆ ಹಿಂದಿನ ಎಡಗಡೆ ಚಕ್ರ ಒಲೆಯ ಹಾಗೆ ಕಾದಿತ್ತು. ಗೇಣು ದೂರದಲ್ಲಿ ಕೈ ಹಿಡಿದರೂ ಶಾಖ ತಾಗುತ್ತಿತ್ತು. ಉಳಿದ ಮೂರು ಚಕ್ರಗಳು ತಮ್ಮ ಪಾಡಿಗೆ ತಾವಿದ್ದವು.

ತಕ್ಕಡಿಯಣ್ಣ ಎಂಬುದು ಬೀದಿಯವರು ಇಟ್ಟ ಹೆಸರು. ಅಂಗಡಿಗಳ ತಕ್ಕಡಿ ರಿಪೇರಿ ಅವನ ಕಸುಬು. ತಟ್ಟೆಯಡಿ ಅಂಟಿಸಿದ ಅಯಸ್ಕಾಂತ, ಒಳಗೆ ಟೊಳ್ಳು ಮಾಡಿದ ತೂಕದ ಬಟ್ಟು, ಇಂಥವನ್ನೇ ಮೂವತ್ತು ವರ್ಷ ನೋಡಿ ನೋಡಿ ಅವನಿಗೆ ಮನುಷ್ಯರ ಮೇಲಿನ ನಂಬಿಕೆ ಅಷ್ಟಕ್ಕಷ್ಟೇ ಉಳಿದಿತ್ತು. ಹಾಲಿನವನ ಅಳತೆ, ಡಾಕ್ಟರ ಥರ್ಮಾಮೀಟರು, ಎದುರುಮನೆಯವರ ನಗು, ಯಾವುದನ್ನೂ ಅವನು ಸುಮ್ಮನೆ ಒಪ್ಪಿದವನಲ್ಲ.

ಗ್ಯಾರೇಜಿನ ಮೆಕ್ಯಾನಿಕ್ ಚಕ್ರ ಎತ್ತಿ ತಿರುಗಿಸಿ ನೋಡಿದ. ಚಕ್ರ ಜಗ್ಗಲಿಲ್ಲ.

"ಹಿಂದಿನ ಕ್ಯಾಲಿಪರ್ ಜಾಮ್ ಆಗಿದೆ ಅಣ್ಣ. ಅದು ಇಕ್ಕಳ ಇದ್ದ ಹಾಗೆ. ಬ್ರೇಕ್ ಒತ್ತಿದಾಗ ಅದರೊಳಗಿನ ಪಿಸ್ಟನ್ ಮುಂದೆ ಬಂದು ಪ್ಯಾಡನ್ನ ಡಿಸ್ಕಿಗೆ ಒತ್ತುತ್ತೆ. ನಿಮ್ಮದು ಒತ್ತಿ ಹಿಡ್ಕೊಂಡಿದ್ದು ಬಿಡ್ತಾನೇ ಇಲ್ಲ."

"ನಾನು ಟೀ ಕುಡಿಯೋಕೆ ಹೋಗಿದ್ದಾಗ ನೀನೇ ಏನೋ ಬಿಗಿ ಮಾಡಿರ್ಬೇಕು," ಎಂದ ತಕ್ಕಡಿಯಣ್ಣ.

ಮೆಕ್ಯಾನಿಕ್ ಮುಖ ಸಣ್ಣದು ಮಾಡಿಕೊಂಡ. "ಬೇರೆ ಯಾರ ಹತ್ರನಾದ್ರೂ ತೋರಿಸಿ. ಆದ್ರೆ ಹೀಗೇ ಓಡಿಸ್ಬೇಡಿ."

ತಕ್ಕಡಿಯಣ್ಣ ಬೇರೆ ಯಾರ ಹತ್ತಿರವೂ ಹೋಗಲಿಲ್ಲ. ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿದ. ಅದರಲ್ಲಿ ಒಬ್ಬಾತ ಹತ್ತೇ ನಿಮಿಷದಲ್ಲಿ ಕ್ಯಾಲಿಪರ್ ಬಿಚ್ಚಿ, ಒರೆಸಿ, ಕೂರಿಸಿಬಿಟ್ಟ. ಮಿಲಿಗ್ರಾಂ ತೂಗುವ ತಕ್ಕಡಿಯನ್ನೇ ಬಿಚ್ಚುವವನಿಗೆ ಇದ್ಯಾವ ದೊಡ್ಡ ವಿದ್ಯೆ!

ಭಾನುವಾರ ಬೆಳಗ್ಗೆ ಅಂಗಳದಲ್ಲಿ ಕಾರನ್ನು ಜ್ಯಾಕಿನಿಂದ ಎತ್ತಿ, ಕೆಳಗೆ ನಾಲ್ಕು ಇಟ್ಟಿಗೆ ಪೇರಿಸಿದ. ಪಕ್ಕದ ಮನೆಯವಳು ಗೋಡೆಯಾಚೆಯಿಂದ ಇಣುಕಿದಳು. ಅವಳು ಬಸ್ ಡಿಪೋದಲ್ಲಿ ಬ್ರೇಕ್ ವಿಭಾಗದ ಮೆಕ್ಯಾನಿಕ್. ಎಲ್ಲರಿಗೂ ಡಿಪೋ ಅಕ್ಕ.

"ಅಣ್ಣಾ, ಇಟ್ಟಿಗೆ ಯಾವಾಗ ಬಿರೀತದೆ ಅಂತ ಹೇಳೋಕಾಗಲ್ಲ. ನನ್ನ ಹತ್ರ ಕಬ್ಬಿಣದ ಸ್ಟ್ಯಾಂಡ್ ಇದೆ, ಕೊಡ್ಲಾ? ಮುಂದಿನ ಚಕ್ರಕ್ಕೆ ಅಡ್ಡಗಟ್ಟೆ ಇಟ್ರಾ? ಹೊಸ ಕ್ಯಾಲಿಪರ್ ತಂದಿದೀರಾ, ಹಳೇದೇನಾ?"

ಇಷ್ಟೊಂದು ಅಕ್ಕರೆ ಯಾಕೆ? ಗ್ಯಾರೇಜಿನವನಿಗೂ ಇವಳಿಗೂ ಒಳಗೊಳಗೇ ಏನೋ ಒಪ್ಪಂದ ಇದೆ ಎಂದುಕೊಂಡ ತಕ್ಕಡಿಯಣ್ಣ.

"ಎಲ್ಲಾ ಇದೆಯಮ್ಮಾ. ನೀನು ನಿನ್ನ ಬಸ್ಸು ನೋಡ್ಕೋ."

ಅವಳು ಒಳಗೆ ಹೋದಳು. ಇವನು ಕ್ಯಾಲಿಪರ್ ಬಿಚ್ಚಿ, ಅದನ್ನು ಬ್ರೇಕಿನ ಪೈಪಿನಲ್ಲೇ ನೇತಾಡಲು ಬಿಟ್ಟ. ಪಿಸ್ಟನ್ನನ್ನು ಒಳಗೆ ತಳ್ಳಬೇಕು ಎಂದು ವಿಡಿಯೊ ಹೇಳಿತ್ತು. ತಳ್ಳಿದರೆ ಹೋಗಲಿಲ್ಲ. ಮರಗೆಲಸದ ಕ್ಲ್ಯಾಂಪ್ ತಂದು ಬಿಗಿದ. ಆಗಲೂ ಇಲ್ಲ. ಹಲ್ಲು ಕಚ್ಚಿ ಇನ್ನೊಂದು ಸುತ್ತು ಬಿಗಿದಾಗ ಒಳಗೆಲ್ಲೋ 'ಕಟಕ್' ಎಂದಿತು. ಪಿಸ್ಟನ್ ಹೋಯಿತು. ಅವನಿಗೆ ಯುದ್ಧ ಗೆದ್ದಷ್ಟು ಖುಷಿ.

ಚಕ್ರ ಹಾಕಿ, ಕಾರನ್ನು ಕೆಳಗಿಳಿಸಿ ಪೆಡಲ್ ಒತ್ತಿದ. ಮೆತ್ತಗಿತ್ತು. ನಾಲ್ಕೈದು ಸಲ ಒತ್ತಿದ ಮೇಲೆ ಗಟ್ಟಿಯಾಯಿತು. "ಆಯ್ತು!" ಎಂದು ಕೂಗಿದ.

ಹೆಂಡತಿ ಸೆರಗಿಗೆ ಕೈ ಒರೆಸುತ್ತ ಬಂದಳು. ಅಂದು ಮಧ್ಯಾಹ್ನ ಆಸ್ಪತ್ರೆಯಿಂದ ಮಗಳನ್ನೂ ಐದು ದಿನದ ಮೊಮ್ಮಗಳನ್ನೂ ಕರೆತರಬೇಕಿತ್ತು. ದಾರಿಯಲ್ಲಿ ಸೇತುವೆಯ ಉದ್ದನೆಯ ಇಳಿಜಾರು, ಅದು ಮುಗಿದಲ್ಲೇ ನಾಲ್ಕು ರಸ್ತೆ ಕೂಡುವ ಜಾಗ.

"ಮೊದಲು ಮೆತ್ತಗಿದ್ದಿದ್ದು ಯಾಕೆ?" ಎಂದಳು.

"ಎಲ್ಲದಕ್ಕೂ ಅನುಮಾನ ನಿನಗೆ."

"ನನಗಾ?" ಎಂದು ಅವಳು ಅವನ ಮುಖವನ್ನೇ ನೋಡಿದಳು. ಉತ್ತರಕ್ಕೆ ಕಾಯದೆ ಗೋಡೆಯ ಹತ್ತಿರ ಹೋಗಿ ಡಿಪೋ ಅಕ್ಕನನ್ನು ಕರೆದೇಬಿಟ್ಟಳು.

ಡಿಪೋ ಅಕ್ಕ ಕಾರಿಗೆ ಕೈ ಹಚ್ಚಲಿಲ್ಲ. "ಅಣ್ಣಾ, ಎಂಜಿನ್ ಶುರು ಮಾಡಿ, ಗಾಡಿ ನಿಂತಲ್ಲೇ ಇರ್ಲಿ. ಪೆಡಲ್ ಒತ್ತಿ ಹಿಡ್ಕೊಂಡು ಮೂವತ್ತರ ತನಕ ಎಣಿಸಿ."

ತಕ್ಕಡಿಯಣ್ಣ ಒತ್ತಿ ಹಿಡಿದ. ಹತ್ತರವರೆಗೆ ಚೆನ್ನಾಗಿತ್ತು. ಆಮೇಲೆ ಕಾಲಡಿ ಪೆಡಲ್ ಮೆಲ್ಲಗೆ ಇಳಿಯತೊಡಗಿತು, ಕೆಸರಲ್ಲಿ ಕಾಲು ಹೂತ ಹಾಗೆ. ಅವನಿಗೆ ಎಣಿಕೆ ತಪ್ಪಿತು. ಕಾಲು ತೆಗೆದು ಇಳಿದುಬಿಟ್ಟ.

ಅವಳು ಚಕ್ರದ ಒಳಮಗ್ಗುಲನ್ನು ತೋರಿಸಿದಳು. ಅಲ್ಲಿ ಒದ್ದೆಯಾಗಿತ್ತು.

"ಅದು ನೀರು. ನೀನೇ ಗಿಡಕ್ಕೆ ನೀರು ಹಾಕ್ವಾಗ ಈ ಕಡೆ ಚೆಲ್ಲಿರ್ತೀಯ," ಎಂದ.

ಹೆಂಡತಿಗೆ ನಾಚಿಕೆಯಾಯಿತು. ಡಿಪೋ ಅಕ್ಕನಿಗೆ ಮಾತ್ರ ಸಿಟ್ಟು ಬರಲಿಲ್ಲ.

"ಇರಬಹುದು. ನನ್ನ ಮಾತು ನಂಬಲೇಬೇಡಿ. ನಿಮ್ಮ ಬಟ್ಟೇಲಿ ನೀವೇ ಒರೆಸಿ, ನಿಮ್ಮ ಕಾಗದ ನೀವೇ ಹಾಸಿ. ಅತ್ತಿಗೆ ಪೆಡಲ್ ಒತ್ತಲಿ. ನೀವು ಪಕ್ಕದಲ್ಲಿ ಕೂತು ನೋಡಿ. ಗಾಡಿ ಕೆಳಗೆ ಮಾತ್ರ ತಲೆ ಹಾಕ್ಬೇಡಿ."

ಅವನು ಒರೆಸಿದ. ಇನ್ನೊಮ್ಮೆ ಒರೆಸಿದ. ಬಿಳಿ ಕಾಗದ ಹಾಸಿ ಕುಕ್ಕರಗಾಲಲ್ಲಿ ಕೂತ. ಹೆಂಡತಿ ಪೆಡಲ್ ಒತ್ತಿದಳು. ಕ್ಯಾಲಿಪರಿನ ಅಂಚಿನಲ್ಲಿ ಒಂದು ಹನಿ ಮೂಡಿತು. ದಪ್ಪಗಾಯಿತು. ಕಾಗದದ ಮೇಲೆ ಬಿತ್ತು. ಅದರ ಹಿಂದೆಯೇ ಇನ್ನೊಂದು. ಬೆರಳಲ್ಲಿ ಮುಟ್ಟಿದ. ಜಾರುತ್ತಿತ್ತು. ಅದು ನೀರಲ್ಲ, ಬ್ರೇಕ್ ಆಯಿಲ್.

ಅಷ್ಟರಲ್ಲಿ ಫೋನು ಬಂತು. "ಅಪ್ಪಾ, ಹೊರಟ್ರಾ? ಪಾಪು ಆಗ್ಲೇ ರೆಡಿ," ಎಂದಳು ಮಗಳು. ತಕ್ಕಡಿಯಣ್ಣನಿಗೆ ಆ ಇಳಿಜಾರು ಕಣ್ಣಮುಂದೆ ಬಂತು. ಫೋನು ಹಿಡಿದುಕೊಂಡೇ ನೆಲದ ಮೇಲೆ ಕೂತುಬಿಟ್ಟ. ಫೋನನ್ನು ಹೆಂಡತಿಯೇ ಇಸಿದುಕೊಂಡು, "ಬಾಡಿಗೆ ಗಾಡೀಲಿ ಬರ್ತೀವಿ ಮಗಳೇ," ಎಂದಳು.

ಮರುದಿನ ಡಿಪೋ ಅಕ್ಕ ಕೆಲಸ ಮುಗಿಸಿಕೊಂಡು ಸ್ಟ್ಯಾಂಡಿನ ಸಮೇತ ಬಂದಳು. ಮುಂದಿನ ಚಕ್ರಗಳಿಗೆ ಅಡ್ಡಗಟ್ಟೆ ಇಟ್ಟು, ಹ್ಯಾಂಡ್‌ಬ್ರೇಕ್ ಬಿಟ್ಟು, ಹಳೆಯ ಕ್ಯಾಲಿಪರ್ ಬಿಚ್ಚಿಸಿದಳು. ಪಿಸ್ಟನ್ನಿನ ಮುಖದ ಮೇಲಿದ್ದ ಎರಡು ಕಚ್ಚುಗಳನ್ನು ತೋರಿಸಿದಳು.

"ಇದು ಯಾಕಿದೆ ಅಂದ್ಕೊಂಡ್ರಿ? ನಿಮ್ಮ ಕಾರಲ್ಲಿ ಹ್ಯಾಂಡ್‌ಬ್ರೇಕೂ ಇದರೊಳಗೇ ಸೇರ್ಕೊಂಡಿದೆ. ಇಂಥದ್ದನ್ನ ಸ್ಕ್ರೂ ಥರ ತಿರುಗಿಸ್ತಾ ಒಳಗೆ ಕಳಿಸ್ಬೇಕು. ನೀವು ಬರೀ ತಳ್ಳಿದ್ರಿ, ಒಳಗೆ ಆಯಿಲ್ ತಡೆಯೋ ರಬ್ಬರ್ ಸೀಲ್ ಹರಿದುಹೋಯ್ತು. ಎಲ್ಲಾ ಕಾರೂ ಒಂದೇ ಥರ ಇರಲ್ಲ ಅಣ್ಣ. ವಿಡಿಯೊದೋನ ಕಾರು ಬೇರೆ, ನಿಮ್ಮದು ಬೇರೆ."

ಹೊಸ ಕ್ಯಾಲಿಪರ್ ಬಂತು. ಕೆಲಸವನ್ನೆಲ್ಲ ಅವನ ಕೈಯಲ್ಲೇ ಮಾಡಿಸಿದಳು. ಧೂಳನ್ನು ಬಾಯಿಂದ ಊದಬೇಡಿ, ಮೂಗಿಗೆ ಮಾಸ್ಕ್ ಹಾಕಿಕೊಂಡು ಬ್ರೇಕ್ ಕ್ಲೀನರ್ ಹಾಕಿ ಒರೆಸಿ ಎಂದಳು. ಕ್ಯಾಲಿಪರಿನ ಭಾರ ಪೈಪಿನ ಮೇಲೆ ಬೀಳದಂತೆ ತಂತಿ ಕಟ್ಟಿಸಿದಳು. ಹಿಂದಿನ ಎರಡೂ ಚಕ್ರಗಳ ಪ್ಯಾಡ್ ಬದಲಾಯಿಸಿದರು. ಪೈಪಿನ ಬೋಲ್ಟಿಗೆ ಹೊಸ ವಾಷರ್ ಬಿತ್ತು.

ಬೋಲ್ಟ್ ಬಿಗಿಯಲು ಅವಳು ಟಾರ್ಕ್ ರೆಂಚ್ ಕೊಟ್ಟಳು. ಕಾರಿನ ಪುಸ್ತಕದಲ್ಲಿ ಹೇಳಿದಷ್ಟು ಬಿಗಿಯಾದ ಕೂಡಲೇ 'ಟಕ್' ಎನ್ನುವ ಸ್ಪ್ಯಾನರು ಅದು. ತಕ್ಕಡಿಯಣ್ಣ ಅದನ್ನು ತಿರುಗಿಸಿ ಮುರುಗಿಸಿ ನೋಡಿದ.

"ಇದು ಸರಿಯಾಗೇ ಅಳೆಯುತ್ತೆ ಅಂತ ಏನು ಗ್ಯಾರಂಟಿ?"

"ಪರೀಕ್ಷೆ ಮಾಡಿ," ಎಂದಳು ಅವಳು ನಗುತ್ತ.

ಅವನು ನಿಜವಾಗಿಯೂ ಒಳಗೆ ಹೋಗಿ ತೂಕದ ಬಟ್ಟುಗಳನ್ನು ತಂದ. ಕೆಲಸದ ಮೇಜಿಗೆ ಕೂರಿಸಿದ್ದ ಇಕ್ಕಳದಂಥ ವೈಸಿಗೆ ಒಂದು ಬೋಲ್ಟ್ ಕಚ್ಚಿಸಿ, ರೆಂಚನ್ನು ಅದಕ್ಕೆ ಸಿಕ್ಕಿಸಿ, ಅಡ್ಡಕ್ಕೆ ಹಿಡಿದು, ಅದರ ಉದ್ದ ಟೇಪಿನಲ್ಲಿ ಅಳೆದು, ತುದಿಗೆ ಬಟ್ಟುಗಳನ್ನು ಒಂದೊಂದಾಗಿ ನೇತುಹಾಕಿದ. ಅವನ ಲೆಕ್ಕದ ಭಾರಕ್ಕೇ ರೆಂಚು 'ಟಕ್' ಎಂದಿತು. ಅಂಥ ಸುಖ ಅವನ ಮುಖದಲ್ಲಿ ಕಂಡು ಎಷ್ಟೋ ದಿನವಾಗಿತ್ತು.

"ನಿಮ್ಮಂಥೋರು ನಮ್ಮ ಡಿಪೋಗೆ ಬೇಕು," ಎಂದಳು ಡಿಪೋ ಅಕ್ಕ. "ಅಲ್ಲಿ ನಾನು ಮಾಡಿದ ಬ್ರೇಕನ್ನ ಇನ್ನೊಬ್ಬರು ನೋಡಿ ಸಹಿ ಹಾಕದೆ ಬಸ್ಸು ಗೇಟು ದಾಟಲ್ಲ. ನಾನೇನೂ ಅವಮಾನ ಅಂದ್ಕೊಳಲ್ಲ."

ಕಾರಿನ ಬ್ರೇಕ್ ಆಯಿಲ್ ತೊಟ್ಟಿಯ ಮುಚ್ಚಳದ ಮೇಲೆ ಬರೆದಿದ್ದ ನಮೂನೆಯದೇ ಆಯಿಲ್, ಸೀಲ್ ಒಡೆಯದ ಹೊಸ ಡಬ್ಬಿಯದು, ತುಂಬಿಸಿದರು. ಪೈಪಿನೊಳಗಿನ ಗಾಳಿ ತೆಗೆಯಲು ಹೆಂಡತಿ ಪೆಡಲಿನ ಹತ್ತಿರ ಕೂತಳು.

"ಒತ್ತು... ಹಿಡ್ಕೋ!" ಎಂದು ತಕ್ಕಡಿಯಣ್ಣ ಕ್ಯಾಲಿಪರಿನ ಗಾಳಿ ಬಿಡುವ ನಿಪ್ಪಲ್ ಸಡಿಲಿಸಿ, ಗುಳ್ಳೆ ಹೊರಬಂದ ಮೇಲೆ ಬಿಗಿದು, "ಈಗ ಬಿಡು," ಎನ್ನುತ್ತಿದ್ದ.

"ನಾನು ಹೇಳಿದ ಹಾಗೆ ನೀವು ಒಂದಿನಾನೂ ಕೇಳ್ಲಿಲ್ಲ, ಈಗ ನಾನು ಕೇಳ್ಬೇಕು," ಎಂದು ಒಳಗಿನಿಂದ ಅವಳ ಗೊಣಗಾಟ. ಆದರೆ ಒಂದು ಸಲವೂ ಕಾಲು ತಪ್ಪಲಿಲ್ಲ. ಗುಳ್ಳೆ ನಿಂತಿತು. ಪೆಡಲ್ ಕಲ್ಲಿನಂತೆ ನಿಂತಿತು.

ಮೊದಲು ಅಂಗಳದಲ್ಲಿ, ಆಮೇಲೆ ಸಮತಟ್ಟಾದ ಖಾಲಿ ಬೀದಿಯಲ್ಲಿ, ನಡೆಯುವ ವೇಗದಲ್ಲಿ ಓಡಿಸಿ ನೋಡಿದರು. ಕೊನೆಗೆ ತಕ್ಕಡಿಯಣ್ಣ ತಾನೇ ಅದೇ ಗ್ಯಾರೇಜಿಗೆ ಹೋದ.

"ಅವತ್ತು ಬಾಯಿಗೆ ಬಂದಿದ್ದು ಅಂದ್ಬಿಟ್ಟೆ ಕಣಪ್ಪಾ. ತಪ್ಪಾಯ್ತು. ಇದನ್ನೊಮ್ಮೆ ನೋಡ್ಕೊಡು. ನಾನೂ ಪಕ್ಕದಲ್ಲೇ ನಿಂತ್ಕೊಂಡು ನೋಡ್ತೀನಿ."

"ಧಾರಾಳವಾಗಿ ನಿಂತ್ಕೊಳಿ," ಎಂದ ಮೆಕ್ಯಾನಿಕ್. ಪ್ರತಿ ಬೋಲ್ಟನ್ನೂ ಮುಟ್ಟಿ ನೋಡಿ ತಲೆಯಾಡಿಸಿದ. ಮುಂದಿನ ವಾರ ಮೊಮ್ಮಗಳ ಚುಚ್ಚುಮದ್ದಿಗೆ ಆಸ್ಪತ್ರೆಗೆ ಹೊರಟಾಗ ಹೆಂಡತಿ ಏನೂ ಕೇಳದೆ ಮಗುವನ್ನೆತ್ತಿಕೊಂಡು ಕಾರು ಹತ್ತಿದಳು.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಗಾಡಿಯನ್ನು ನೀವೇ ರಿಪೇರಿ ಮಾಡಬೇಡಿ ಎಂದು ನಾವು ಹೇಳುತ್ತಿಲ್ಲ. ಕಲಿತು ಮಾಡಿ. ನಿಮ್ಮ ಕಾರಿನದೇ ಪುಸ್ತಕ ನೋಡಿ. ಬರೀ ಜ್ಯಾಕನ್ನೋ ಇಟ್ಟಿಗೆಯನ್ನೋ ನಂಬಿ ಕಾರಿನಡಿ ಹೋಗಬೇಡಿ. ಹೋಗದ ಪಿಸ್ಟನ್ನಿಗೆ ಬಲ ಹಾಕುವ ಮೊದಲು ಯಾಕೆ ಹೋಗುತ್ತಿಲ್ಲ ಎಂದು ಕೇಳಿ. ಪೆಡಲ್ ಇಳಿದರೆ, ಎಲ್ಲಾದರೂ ಹನಿ ಕಂಡರೆ, ಎಷ್ಟೇ ತುರ್ತಿದ್ದರೂ ಗಾಡಿ ತೆಗೆಯಬೇಡಿ. ನೀವು ಮಾಡಿದ ಬ್ರೇಕನ್ನು ಕೆಲಸ ಬಲ್ಲ ಇನ್ನೊಬ್ಬರು ನೋಡುವ ತನಕ ಮನೆಯವರನ್ನು ಹತ್ತಿಸಬೇಡಿ. ಹಾಗೆ ತೋರಿಸುವುದರಿಂದ ನಿಮ್ಮ ಮರ್ಯಾದೆಗೇನೂ ಕುಂದಿಲ್ಲ. ಹಿಂದಿನ ಸೀಟಿನಲ್ಲಿ ಮಲಗಿರುವ ಮಗುವಿಗೆ ಬ್ರೇಕ್ ಪರೀಕ್ಷೆ ಮಾಡಲು ಬರುವುದಿಲ್ಲ. ಅದರ ಪರವಾಗಿ ನೀವೇ ಮಾಡಬೇಕು.