ಕಪ್ಪೆ ಕೂಗದ ಹಳ್ಳದ ಚಿಗುರು

ಯುಗಾದಿ ಸಮೀಪಿಸಿದರೆ ಪಲ್ಯಕ್ಕೆ ಏನು ಮಾಡುವುದೆಂಬ ಚಿಂತೆ ಎಲ್ಲ ಮನೆಗೂ ಇರುತ್ತದೆ. ಕಾಗಿನೆಲೆಯ ಆಚೆಗಿನ ನಮ್ಮ ಊರಲ್ಲಿ ಫಕ್ಕೀರವ್ವನಿಗೆ ಈ ಸಲ ಆ ಚಿಂತೆ ಹೆಚ್ಚಿತ್ತು. ಸೊಸೆ ಭುವನಾ ಬಸುರಿ. ಬಾಯಿಗೆ ಏನೂ ಹಿಡಿಸುತ್ತಿರಲಿಲ್ಲ.

ಫಕ್ಕೀರವ್ವನ ತವರು ಹಾನಗಲ್ಲ ಕಡೆಯ ಕಾಡಂಚು. ಅಲ್ಲಿ ಜರಿಗಿಡದ ಸುರುಳಿ ಚಿಗುರಿನ ಪಲ್ಯ ಮಾಡುತ್ತಾರೆ. ಕಾಲುವೆ ನೀರು ಬಸಿದು ಬರುವ ನಮ್ಮ ಹಳ್ಳದಲ್ಲೂ ಈಗೀಗ ಆ ಗಿಡ ಎದ್ದಿದೆ. ಒಂದು ಮುಂಜಾನೆ ಆಕೆ ಬುಟ್ಟಿ ಹಿಡಿದು ಹೋದಳು.

ತವರಿನಲ್ಲೊಂದು ಪದ್ಧತಿ. ಚಿಗುರು ಮುರಿಯುವ ಮೊದಲು ದಂಡೆಯ ಮೇಲೆ ಸುಮ್ಮನೆ ಕೂಡಬೇಕು. ಕಪ್ಪೆ ಕೂಗಿದರೆ ಹಳ್ಳದವ್ವ ಅಪ್ಪಣೆ ಕೊಟ್ಟಂತೆ.

ಫಕ್ಕೀರವ್ವ ಕುಳಿತಳು. ಕಪ್ಪೆ ಕೂಗಲಿಲ್ಲ. ಜೀರುಂಡೆ ಸದ್ದಿಲ್ಲ. ನೀರಿನ ಮೇಲೆ ಒಂದು ನೊಣ ಸಹ ಇಲ್ಲ. ಚಿಗುರು ಮಾತ್ರ, ಮುಷ್ಟಿ ಬಿಗಿದ ಕೂಸಿನ ಕೈಗಳಂತೆ ದಂಡೆ ತುಂಬ ಎದ್ದು ನಿಂತಿತ್ತು. ಆಚೆ ದಡದ ಜಾಲಿಯಲ್ಲಿ ಏನೋ ಹಸಿರು ಮೆಲ್ಲಗೆ ಅಲ್ಲಾಡಿತು, ಕೈ ಮಾಡಿ ಕರೆದಂತೆ.

ಮೈ ಜುಮ್ಮೆಂದಿತು. ಆದರೂ ಸೊಸೆಯ ಬಾಡಿದ ಮುಖ ನೆನೆದು ಲಗುಬಗೆಯಿಂದ ಮುರಿದುಕೊಂಡು ಬಂದಳು.

ಒಗ್ಗರಣೆಯಲ್ಲಿ ಬೆಳ್ಳುಳ್ಳಿ ಸಿಡಿಯುವ ಹೊತ್ತಿಗೆ ಆಶಾ ಕಾರ್ಯಕರ್ತೆ ಶಬನಮ್ ಬಂದಳು. ಭುವನಾ ತಾಟು ಹಿಡಿದು ಕುಳಿತೇ ಇದ್ದಳು.

“ಓಣಿಗೆಲ್ಲ ವಾಸನಿ ಬಿಟ್ಟೀರಲ್ಲ ದೊಡ್ಡವ್ವಾ! ಎಲ್ಲಿ ತಂದ್ರಿ ಇದನ್ನ?”

“ಹಳ್ಳದಾಗಿಂದವ್ವಾ. ತವರಿನ್ಯಾಗ ಕುದಿಸಿ ನೀರು ಚೆಲ್ತಿದ್ರು. ಮೆತ್ತಗಾದ್ರ ಈಕಿ ಮುಟ್ಟಾಂಗಿಲ್ಲ. ಅದಕ್ಕ ಹಂಗ ಹುರದೇನಿ.”

“ಅರೆಬೆಂದ ಕಾಡಚಿಗುರು ಬಸುರಿಗೆ ಕೊಡಬ್ಯಾಡ್ರಿ. ವಾಂತಿ-ಭೇದಿ ಆದ್ರ ಹೊಟ್ಟ್ಯಾಗಿನ ಕೂಸಿಗೂ ತ್ರಾಸ.”

“ನಿಮ್ಮ ಮೀಟಿಂಗಿನ್ಯಾಗ ಬ್ಯಾಡ ಅನ್ನೂದೊಂದ ಕಲಿಸ್ತಾರೇನ? ಇದನ್ನ ತಿಂದ ಹಡದಾಕಿ ನಾ.”

ಶಬನಮ್ ನಕ್ಕಳು. “ಖರೇ. ಆದ್ರ ಕಪ್ಪಿ ಒದರಿದ್ವೇನು? ಆ ಮಾತು ನಮಗೆಲ್ಲ ಹೇಳಿದಾಕಿ ನೀವ.”

ಫಕ್ಕೀರವ್ವನ ಕೈಯಲ್ಲಿ ಸೌಟು ನಿಂತಿತು.

“ಇಳಸ್ರಿ ಅದನ್ನ. ಭುವನಾ, ನಾವು ಬರೂತನಕ ಮುಟ್ಟಬ್ಯಾಡವಾ. ನಡೀರಿ, ನೋಡಿ ಬರೂಣು.”

ಇಬ್ಬರೂ ಹಳ್ಳಕ್ಕೆ ಹೋದರು. ಅದೇ ಮೌನ. ಆಚೆ ದಡದ ಹಸಿರು ಇನ್ನೂ ಅಲ್ಲಾಡುತ್ತಿತ್ತು. ಹತ್ತಿರ ಹೋಗಿ ನೋಡಿದರೆ ಅದು ಬಟ್ಟೆಯ ಚೂರು. ಫಕ್ಕೀರವ್ವ ಗುರುತು ಹಿಡಿದಳು. ತನ್ನದೇ ಹಳೆಯ ಸೀರೆ. ಬೆಳೆಗೆ ಕೀಟದ ಎಣ್ಣೆ ಹೊಡೆಯುವ ಪಂಪಿನ ಪಟ್ಟಿ ಮಗನ ಹೆಗಲು ಕೊರೆಯಬಾರದೆಂದು ತಾನೇ ಹರಿದು ಹೊಲಿದುಕೊಟ್ಟದ್ದು. ಅದರ ಕೆಳಗೆ ಕ್ರಿಮಿನಾಶಕದ ಖಾಲಿ ಬಾಟಲಿಗಳು. ಕಲ್ಲಿನ ಮೇಲೆ ಒಣಗಿದ ಬಿಳಿ ನೊರೆ. ನೀರಿನಲ್ಲಿ ಹೊಟ್ಟೆ ಮೇಲಾಗಿ ತೇಲುವ ಕಪ್ಪೆಗಳು.

ಮೇಲಿನ ಹೊಲದಲ್ಲಿ, ಬೀಜಕ್ಕೆಂದು ಬೆಳೆಸಿದ ಮೆಣಸಿನ ಗಿಡಗಳ ನಡುವೆ ಇದ್ದ ಮಗ ವೀರೇಂದ್ರ ಇಳಿದು ಬಂದ.

“ಇಲ್ಲೇ ಪಂಪ್ ತೊಳಿತೀಯೇನೋ?”

“ಹರಿಯೋ ನೀರು ಯವ್ವಾ. ತೊಳಕೊಂಡು ಹೋಗ್ತೈತಿ ಅಂತ ಮಾಡಿದ್ದೆ.”

“ಎಲ್ಲಿಗೆ ಹೋಗ್ತೈತೋ? ನಿನ್ನ ಹೇಂತಿ ತಾಟಿಗೆ ಬಂದು ಕುಂತಿತ್ತಲ್ಲೋ!”

ವೀರೇಂದ್ರ ಮನೆಗೆ ಓಡಿದ. ಕೋಳಿ, ನಾಯಿ ಸಹ ಮುಟ್ಟದಂತೆ ಆ ಪಲ್ಯವನ್ನು ಆಳವಾಗಿ ಹೂತ. ಅಂದು ಭುವನಾ ಉಂಡದ್ದು ಹಿತ್ತಲ ಹರಿವೆ. ಆ ದಿನದಿಂದ ಅವನು ಪಂಪನ್ನು ಹಳ್ಳಕ್ಕೆ ಒಯ್ಯುವುದಿಲ್ಲ. ಹೊಲದಲ್ಲೇ ತೊಳೆದು, ಆ ನೀರನ್ನು ಬೆಳೆಗೇ ಹೊಡೆಯುತ್ತಾನೆ.

ತಾಯಂದಿರೇ, ಗುರುತು ಪಕ್ಕಾ ಇಲ್ಲದ ಚಿಗುರು ಮುರಿಯಬೇಡಿ. ಎಣ್ಣೆ ಹೊಡೆದ ಹೊಲದ ಬದು, ಪಂಪ್ ತೊಳೆಯುವ ಹಳ್ಳ, ಇವುಗಳ ಸೊಪ್ಪನ್ನು ಎಷ್ಟು ಕುದಿಸಿದರೂ ವಿಷ ಹೋಗುವುದಿಲ್ಲ. ಒಳ್ಳೆಯ ಜಾಗದ ಜರಿಚಿಗುರಾದರೂ ಮೇಲಿನ ಕಂದು ಜುಂಗು ಉಜ್ಜಿ ತೊಳೆದು, ಚೆನ್ನಾಗಿ ಕುದಿಸಿ, ಆ ನೀರು ಚೆಲ್ಲಿ, ಆಮೇಲೆ ಒಗ್ಗರಣೆ ಹಾಕಿ. ಬಸುರಿಗೆ, ಸಣ್ಣ ಮಕ್ಕಳಿಗೆ ಮನೆಯ ಸೊಪ್ಪೇ ಸಾಕು. ತಿಂದ ಮೇಲೆ ಹೊಟ್ಟೆ ತೊಳಸಿದರೆ ತಡ ಮಾಡದೆ ದವಾಖಾನೆಗೆ ಹೋಗಿ.

ಕಪ್ಪೆ ಕೂಗಿದ ಮಾತ್ರಕ್ಕೆ ಸೊಪ್ಪು ಒಳ್ಳೆಯದೆಂದಲ್ಲ. ಆದರೆ ಕೂಗದಿದ್ದರೆ ಬರಿಗೈಯಲ್ಲಿ ಎದ್ದು ಬನ್ನಿ.

ಇಂದು ಸಂಜೆ ನಿಮ್ಮೂರ ಹಳ್ಳದ ದಂಡೆಗೆ ಹೋಗಿ, ಸ್ವಲ್ಪ ಹೊತ್ತು ಸುಮ್ಮನೆ ಕುಳಿತುಕೊಳ್ಳಿ. ಏನಾದರೂ ಕೇಳಿಸುತ್ತದೆಯೇ?